ಮಂಚದ ಬ್ರೇಕು ಮತ್ತು ಅವ್ವನ ಬಾಯಿ

ಹೇಳಿದರೆ ನೀವು ನಂಬುವುದಿಲ್ಲ, ಆದರೂ ಕೇಳಿ. ನಮ್ಮವ್ವ ನಲವತ್ತೆರಡನೇ ವಯಸ್ಸಿನಲ್ಲಿ ನರ್ಸ್ ಆದದ್ದು ನನ್ನ ಬೆನ್ನಿನ ಮೇಲೆ. ಇವತ್ತು ನನಗೆ ಜ್ವರ, ಸಾಲಿಗೆ ಹೋಗಿಲ್ಲ. ಅವ್ವ ಸ್ಪಿರಿಟ್ ಹತ್ತಿಯಲ್ಲಿ ಥರ್ಮಾಮೀಟರ್ ಒರೆಸಿ, ಚಹಾದ ಜೊತೆ ನನ್ನ ಕೈಗೆ ಕೊಟ್ಟು ಅಡಿಗೆಮನೆಗೆ ಹೋದಳು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಮೈ ತಾನಾಗಿ ಎಡಕ್ಕೆ ಹೊರಳುತ್ತದೆ. ಯಾಕೆಂದು ಹೇಳುತ್ತೇನೆ.

ಅದಕ್ಕೂ ಮೊದಲು ಅವ್ವನ ನೌಕರಿಗಳು. ಪುಣೆಗೆ ಬಂದ ಮೇಲೆ ಐದು ಹಿಡಿದಳು, ಐದೂ ಹೋದವು. ಬಿಸ್ಕತ್ ಪ್ಯಾಕಿಂಗಿನಲ್ಲಿದ್ದಾಗ, ಮಾಲು ನೋಡಲು ಬಂದ ದೊಡ್ಡ ಗಿರಾಕಿಗೆ, 'ಸಾಹೇಬ್ರ, ಆ ಡಬ್ಬಿದು ತಿನ್ನಬ್ಯಾಡ್ರಿ, ನೆಲಕ್ಕ ಬಿದ್ದದ್ದು' ಎಂದಳು. ಬಾಲವಾಡಿಯಲ್ಲಿ ಆಯಾ ಆಗಿದ್ದಾಗ, ಮಧ್ಯಾಹ್ನ ಮಕ್ಕಳಿಗಿಂತ ಮೊದಲು ಟೀಚರಿಗೇ ನಿದ್ದೆ ಹತ್ತುತ್ತದೆಂದು ತಾಯಂದಿರ ಸಭೆಯಲ್ಲಿ ತಿಳಿಸಿದಳು. ಉಳಿದವನ್ನು ಬಿಡಿ. ಹೇಳಿದ್ದೆಲ್ಲ ಖರೆ, ತೊಂದರೆಯೇ ಅದು.

ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ವರ್ಷದ ತರಬೇತಿಗೆ ಸೇರಿದಳು. ರೋಗಿ ಮಲಗಿರುವಾಗಲೇ ಅವರ ಕೆಳಗಿನ ಚಾದರ ಬದಲಿಸುವುದು ಅಲ್ಲಿಯ ದೊಡ್ಡ ವಿದ್ಯೆ. ದಿನಾ ಸಂಜೆ ರೋಗಿ ನಾನೇ.

'ಹೊಳ್ಳು.'

'ಅವ್ವಾ, ನಾಳೆ ನನಗೂ ಪರೀಕ್ಷಾ ಅದ.'

'ಪೇಶಂಟ್ ಮಾತಾಡಂಗಿಲ್ಲ.'

ನನ್ನನ್ನು ಎಡಕ್ಕೆ ತಳ್ಳಿ, ಹಳೆಯ ಚಾದರ ಸುತ್ತಿ ಬೆನ್ನಿಗೆ ಒತ್ತಿ, ಹೊಸದು ಹಾಸಿ, ಆ ದಿಬ್ಬದ ಮೇಲಿಂದ ಬಲಕ್ಕೆ ಉರುಳಿಸುತ್ತಿದ್ದಳು. ಒಮ್ಮೆ ನಾನು ಉರುಳಿದವಳು ನೆಲದ ಮೇಲೇ ನಿಂತೆ. ಅವ್ವ ನೋಟ್‌ಬುಕ್ಕಿನಲ್ಲಿ, 'ಪೇಶಂಟ್ ಸಹಕಾರ ಕೊಡಲಿಲ್ಲ' ಎಂದು ಬರೆದುಕೊಂಡಳು.

ತರಬೇತಿ ಮುಗಿದು ಅಲ್ಲಿಯೇ ನೌಕರಿಯ ಸಂದರ್ಶನಕ್ಕೆ ಕರೆದರು. ಅರ್ಜಿ ಮರಾಠಿಯಲ್ಲಿತ್ತು, ನನ್ನದು ಮರಾಠಿ ಸಾಲಿ, ನಾನೇ ತುಂಬಿದೆ. ಹಿಂದಿನ ಕೆಲಸ ಬಿಟ್ಟ ಕಾರಣ ಎಂಬಲ್ಲಿ ಐದೂ ಸಾಲಿನಲ್ಲಿ 'ಘರಗುತೀ ಅಡಚಣ', ಅಂದರೆ ಮನೆಯ ತೊಂದರೆ ಎಂದೇ ಬರೆದೆ. 'ಏನ ಕೇಳಿದ್ರೂ ಇಷ್ಟ ಹೇಳು, ಅವ್ವಾ. ಮುಂದ ಬಾಯಿ ಮುಚ್ಚು.'

ಅವ್ವ ಜಗಳಕ್ಕೆ ಬರಲಿಲ್ಲ. ಬಿಳಿ ಸೀರೆಗೆ ಪಿನ್ನು ಚುಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು: 'ಇದೂ ಹೋತಂದ್ರ ಇನ್ನ ಎಲ್ಲೂ ಕೇಳಾಕ ಹೋಗಂಗಿಲ್ಲ ನಾ.'

ಸಂದರ್ಶನಕ್ಕೆ ನಾನೂ ಜೊತೆಗೆ ಹೋದೆ. ಅಲ್ಲಿಯ ನರ್ಸುಗಳ ಮೇಲಿನವರಾದ ಮೇಟ್ರನ್ ಅರ್ಜಿ ಓದಿ ಮರಾಠಿಯಲ್ಲಿ, 'ಐದು ಸಲವೂ ಮನೆಯ ತೊಂದರೆಯೇ? ಮನೆ ಇನ್ನೂ ನಿಂತಿದೆ ತಾನೇ?' ಎಂದರು. ಅವ್ವ ತಲೆಯಾಡಿಸಿ ಸುಮ್ಮನಾದಳು. ವಾರ್ಡಿನ ಹೊರಗೆ ಕಿಟಕಿಯ ಬಳಿ ನಿಂತ ನಾನು, ಅವ್ವ ಪಾಸೆಂದುಕೊಂಡೆ. ಒಬ್ಬ ಮುದುಕಿಯ ಚಾದರ ಬದಲಿಸಲು ಹೇಳಿ, ಹೊರಳಿಸಲು ಮೇಟ್ರನ್ನೇ ಕೈ ಹಾಕಿದರು. ಹತ್ತು ಡಾಕ್ಟರರು ನೋಡುತ್ತಿದ್ದರು.

'ಥಾಂಬಾ ಬಾಯಿ,' ಅಂದರೆ ನಿಲ್ಲಿ ಮೇಡಂ, ಎಂದಳು ಅವ್ವ ಮರಾಠಿಯಲ್ಲಿ. 'ಮಂಚಕ್ಕೆ ಬ್ರೇಕ್ ಹಾಕಿಲ್ಲ ನೀವು. ಸರಿದರೆ ಅಜ್ಜಿ ಬೀಳುತ್ತಾರೆ.' ಅಷ್ಟಕ್ಕೆ ನಿಲ್ಲಿಸಲಿಲ್ಲ. 'ಮನೆಯ ತೊಂದರೆ ಏನೂ ಇರಲಿಲ್ಲ. ಹೀಗೆ ಮಾತಾಡಿದ್ದಕ್ಕೇ ಎಲ್ಲ ಕಡೆ ತೆಗೆದರು.'

ಆರನೆಯದೂ ಹೋಯಿತು ಎಂದುಕೊಂಡೆ. ಮೇಟ್ರನ್ ಮಂಚದ ಗಾಲಿ ನೋಡಿದರು. ಕಾಲಿನಿಂದ ಬ್ರೇಕ್ ಒತ್ತಿದರು. 'ಈಗ ಬದಲಿಸಿ,' ಎಂದರು. ಮುಗಿದ ಮೇಲೆ, 'ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ.' ಹೊರಗೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಅವ್ವ ಒಳಗೆ ಬಂದಳು. ನೋಟ್‌ಬುಕ್ ಕಸಿದು, ನಿಂತೇ ಓದಿದಳು.

'ನಾಕ ನೌಕರಿ ಅವು, ಐದಲ್ಲ. ಡಾಕ್ಟರ್ ಒಬ್ರೂ ಇರಲಿಲ್ಲ. ಮತ್ತ ನೀ ನಗಾಕತ್ತಿದ್ದೇನ? ಕಿಟಕಿ ಸರಳ ಹಿಡಕೊಂಡ ಅಳಾಕತ್ತಿದ್ದಿ. ಅದ್ಯಾಕ ಬರದಿಲ್ಲ?'

ಅವ್ವ ನನ್ನ ಕುತ್ತಿಗೆ ಮುಟ್ಟಿ ನೋಡಿದಳು, ಥರ್ಮಾಮೀಟರ್ ಮೂಸಿದಳು.

'ಚಹಾದಾಗ ಅದ್ದಿ ಇದಕ್ಕ ಜ್ವರ ಬರಿಸೀದಿ. ನಿನಗ ಏನೂ ಆಗಿಲ್ಲ. ಹೊಳ್ಳು, ಚಾದರ ತಗೀತೀನಿ. ಸಾಲಿಗಿ ಹೊತ್ತಾತು.'

ನಾನು ಮಾತಾಡದೆ ಎಡಕ್ಕೆ ಹೊರಳಿದೆ. ಪೇಶಂಟ್ ಮೊದಲ ಸಲ ಸಹಕಾರ ಕೊಟ್ಟಳು.