ಕೌದಿ ಹೊದ್ದ ಪೆಟ್ಟಿಗೆ

ಹೋದ ವಾರ ಸುಣ್ಣ ಹಚ್ಚಿಸಲೆಂದು ಅಟ್ಟದ ಮೇಲಿನ ಸಾಮಾನು ಇಳಿಸುತ್ತಿದ್ದಾಗ, ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂದು ಕಟ್ಟಿಗೆಯ ಪೆಟ್ಟಿಗೆ ಕೈಗೆ ಬಂತು. ಗಂಟು ಬಿಚ್ಚಿ ಮುಚ್ಚಳ ಎತ್ತಿದೆ. ಮಗ್ಗದ ಎಣ್ಣೆ, ಕರ್ಪೂರ, ಬಿಸಿಲಿಗೆ ಹಾಕಿ ಮಡಚಿದ ಕೌದಿ... ಮೂರೂ ಕೂಡಿದ ವಾಸನೆ. ಧೂಳು ಒರೆಸುವ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಏಣಿಯ ಕೆಳಮೆಟ್ಟಿಲ ಮೇಲೆ ಕೂತುಬಿಟ್ಟೆ.

ಪೆಟ್ಟಿಗೆಯ ಮುಂಭಾಗದಲ್ಲಿ ಅಕ್ಕಪಕ್ಕ ಎರಡು ಉದ್ದನೆಯ ಸೀಳುಗಳಿವೆ. ಸುಣ್ಣ ಹಚ್ಚಲು ಬಂದವನು ಅದನ್ನು ಅಂಚೆಡಬ್ಬಿ ಎಂದುಕೊಂಡ. ಅವು ಫ್ಲಾಪಿ ಎಂಬ, ಕಂಪ್ಯೂಟರಿನ ಬರಹ ಉಳಿಸಿಡುವ ತೆಳು ಬಿಲ್ಲೆಯನ್ನು ತೂರಿಸುವ ಬಾಯಿಗಳು. ಹಳೆಯ ಕಾಲದ ಕಂಪ್ಯೂಟರಿನ ಎರಡು ಫ್ಲಾಪಿ ಡ್ರೈವ್‌ಗಳಿಗೆ ಈ ಮನೆಯನ್ನು ಕಟ್ಟಿಕೊಟ್ಟವರು ನಮ್ಮ ಪಕ್ಕದ ಮನೆಯ ಕಾಕಾ.

ನಾನು ಜಮಖಂಡಿಯವಳು. ಮದುವೆಯಾಗಿ ಬನಹಟ್ಟಿಯ ಈ ಓಣಿಗೆ ಬಂದಾಗ ಮೊದಮೊದಲು ನಿದ್ದೆಯೇ ಬರುತ್ತಿರಲಿಲ್ಲ. ಮನೆಮನೆಗೆ ಪವರ್‌ಲೂಮ್. ಖಟಾಖಟ್ ಸದ್ದಿಗೆ ಕಿವಿ ಬೇಗ ಒಗ್ಗಿತು, ನೆಲದ ನಡುಕ ಮಾತ್ರ ಒಗ್ಗಲಿಲ್ಲ. ಅಡುಗೆಮನೆ ಗೋಡೆಯ ಮಾಡದಲ್ಲಿಟ್ಟ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ದಿನವಿಡೀ ಸಣ್ಣಗೆ ಗುನುಗುತ್ತಿದ್ದವು. ಅವುಗಳ ಕೆಳಗೆ ಬಟ್ಟೆ ಮಡಚಿ ಹಾಕಿದ್ದೆ. ಅತ್ತೆ ನೋಡಿ ನಕ್ಕಿದ್ದರು. "ಕಾನ್ವೆಂಟ್ ಸೊಸಿ ಲೋಟಕ್ಕೂ ಹಾಸಿಗಿ ಹಾಸ್ಯಾಳ ನೋಡ್ರಿ!"

ಪಕ್ಕದ ಮನೆಯ ಕಾಕಾ ಸೀರೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಅಂಚಿನ ಡಿಸೈನ್ ಬರೆಯುತ್ತಿದ್ದವರು. ಮೊದಲೆಲ್ಲ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರಂತೆ. ಆಮೇಲೆ ಅಂಗಡಿಗೆ ಕಂಪ್ಯೂಟರ್ ಬಂತು. ಅದೂ ಹಳತಾಗಿ ಹೊಸದು ಬಂದಾಗ, ಹಳೆಯದನ್ನು ಕಾಕಾ ಮನೆಗೆ ಹೊತ್ತು ತಂದರು. ಒಂದು ದಿನ ಸಾರಿಗೆ ಹುಣಸೆಹಣ್ಣು ಕೇಳಲು ಹೋದಾಗ ಅವರ ಕೈಯಲ್ಲಿ ಕಪ್ಪು ಚೌಕದ, ಬಾಗುವ ಫ್ಲಾಪಿ ಕಂಡೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಅಂಥವನ್ನು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಕಂಪ್ಯೂಟರ್ ಕೋಣೆಗೆ ಹೋಗಬೇಕಾದರೆ ನಾವು ದೇವರ ಕೋಣೆಗೆ ಹೋದಂತೆ ಬೂಟು ಕಳಚಬೇಕಿತ್ತು. ಅದನ್ನು ಹೇಳಿದೆ. ಕಾಕಾ ಕನ್ನಡಕ ಹಣೆಗೇರಿಸಿ ನನ್ನನ್ನು ಹೊಸಬಳಂತೆ ನೋಡಿದರು.

"ಇದನ್ನ ಗುರುತ ಹಿಡದೋಳು ಈ ಓಣ್ಯಾಗ ನೀ ಒಬ್ಬಾಕಿನ ನೋಡವ್ವಾ. ನಿಮ್ಮ ಕಾಕು ಇದಕ್ಕ ಹಪ್ಪಳ ಅಂತಾಳ."

"ಮತ್ತೇನ್ರಿ?" ಒಳಗಿನಿಂದ ಅವರ ಹೆಂಡತಿ ಕಾಕು ಅಂದರು. "ಕರದ ತಿನ್ನಾಕರೆ ಬಂದಿದ್ರ ಛಲೋ ಇತ್ತು."

ಆ ಹಪ್ಪಳದಲ್ಲಿ ಏನಿತ್ತೆಂದು ಕಾಕಾ ಅಂದೇ ಹೇಳಿದರು. ಕಾಕುವಿನ ತವರು ಬೀಳಗಿ. ತವರಿನ ಅಂಗಳದಲ್ಲಿ ದೊಡ್ಡ ಹುಣಸೆ ಮರ. ಹೂವಾದಾಗ ಹಳದಿ ಎಸಳು, ಅದರಲ್ಲಿ ಕೆಂಪು ಗೆರೆ... ಅಷ್ಟು ಚೆಂದದ ಹೂವನ್ನು ಯಾರೂ ಮುಡಿಯುವುದಿಲ್ಲವೆಂದು ಕಾಕುವಿಗೆ ಚಿಕ್ಕಂದಿನಿಂದಲೂ ಬೇಸರ. ಕಾಕಾ ಅದನ್ನೇ ಅಂಚಾಗಿ ಬರೆದರು. ವ್ಯಾಪಾರಿ ಒಪ್ಪಲಿಲ್ಲ. "ಹುಣಸಿ ಹೂವ ಯಾರ್ ಉಟ್ಕೋತಾರೋ ಮಾರಾಯಾ, ಸೀರಿ ಹುಳಿ ಆಗತೈತಿ" ಎಂದು ಎಲ್ಲರೆದುರು ನಗಾಡಿದರಂತೆ. ಹೂವು ಫ್ಲಾಪಿಯಲ್ಲೇ ಉಳಿಯಿತು. ಎಷ್ಟೋ ಸಾವಿರ ಹೆಂಗಸರು ಕಾಕಾ ಬರೆದ ಅಂಚು ಉಟ್ಟಿದ್ದರು. ಕಾಕುವಿಗೆಂದು ಬರೆದ ಅಂಚನ್ನು ಕಾಕು ಉಟ್ಟಿರಲಿಲ್ಲ.

ಈಗ ಫ್ಲಾಪಿಗೆ ಬೂಸಲು ಹಿಡಿಯುತ್ತಿತ್ತು. ಎಡಗಡೆ ಡ್ರೈವಿನಲ್ಲಿ ಹಳೆಯ ಫ್ಲಾಪಿ, ಬಲಗಡೆ ಹೊಸದು. ಹೂವನ್ನು ಒಮ್ಮೆ ಓದಿಸಿ ಈ ಕಡೆಯಿಂದ ಆ ಕಡೆಗೆ ದಾಟಿಸಿಬಿಟ್ಟರೆ ಉಳಿಯುತ್ತದೆ. ಆದರೆ ಡ್ರೈವ್‌ಗಳ ತಗಡಿನ ಕವಚ ತುಕ್ಕು ತಿಂದು ಉದುರಿಹೋಗಿತ್ತು. ಗಾಳಿಯ ತುಂಬ ನೂಲಿನ ಧೂಳು ಹಾರುವ ಊರು ನಮ್ಮದು. ಒಂದು ಎಳೆ ಒಳಗೆ ಸಿಕ್ಕಿದರೂ ಫ್ಲಾಪಿಯ ಮೈ ಗೀರಿಹೋಗುತ್ತದೆ. ಅದಕ್ಕಿಂತ ದೊಡ್ಡ ಶತ್ರು ನೆಲದ ನಡುಕ. ಮಗ್ಗ ನಿಂತಾಗ ಓದಿಸಬಹುದಲ್ಲ ಎಂದೆ. ಕಾಕಾ ನಕ್ಕರು.

"ಮಗ್ಗ ಯಾವಾಗ ನಿಲ್ಲತಾವ ಹೇಳು? ಕರೆಂಟ್ ಹೋದಾಗ. ಕರೆಂಟ್ ಇಲ್ದ ಇದು ಹ್ಯಾಂಗ ಓದತೈತಿ?"

ಖರೆ ಮಾತು. ವಾರದ ಸೂಟಿಯ ದಿನ ಮಗ್ಗ ನಿಂತರೆ, ಅಂದೇ ಲೈನ್ ರಿಪೇರಿ ಎಂದು ಕರೆಂಟ್ ತೆಗೆಯುತ್ತಿದ್ದರು. ಕರೆಂಟಿದ್ದೂ ಓಣಿ ಸುಮ್ಮನಿರುವುದು ಒಂದೇ ಸಂದರ್ಭದಲ್ಲಿ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಹೆಣ ಎತ್ತುವವರೆಗೆ ಮಗ್ಗ ಹಾಕುತ್ತಿರಲಿಲ್ಲ.

ಹಾಗಾಗಿ ಕಾಕಾ ಪೆಟ್ಟಿಗೆ ಕಟ್ಟತೊಡಗಿದರು. ಮನೆಯ ಹಿತ್ತಲಲ್ಲಿ ಬಿದ್ದಿದ್ದ ಕೈಮಗ್ಗದ ಸಾಗವಾನಿ ಹಲಗೆಗಳನ್ನು ಕೊಯ್ದು ನುಣುಪು ಮಾಡಿದರು. ಪೆಟ್ಟಿಗೆಯ ನಡುವೆ ಒಂದು ಹಲಗೆಯ ಗೋಡೆ ಇಟ್ಟು, ಕರೆಂಟಿನ ಟ್ರಾನ್ಸ್‌ಫಾರ್ಮರನ್ನು ಅದರ ಹಿಂದಿನ ಕೋಣೆಗೆ ಕಳಿಸಿದರು. ಅದರ ಆಯಸ್ಕಾಂತದ ಗುಣ ಫ್ಲಾಪಿಗೆ ಆಗದಂತೆ. ಬಿಸಿಗಾಳಿ ಹೋಗಲು ಹಿಂದೆ ತೂತುಗಳು ಬೇಕಿದ್ದವು, ತೂತಿದ್ದರೆ ಧೂಳು. ನನ್ನ ಹಿಟ್ಟು ಸೋಸುವ ಜರಡಿಯ ಬಲೆ ಆಗ ಅಲ್ಲಿಗೆ ಹೋಯಿತು. ಒಂದು ತಿಂಗಳು ನಮ್ಮನೆಯಲ್ಲಿ ಎಲ್ಲರೂ ಹೊಟ್ಟಿನ ಸಮೇತ ರೊಟ್ಟಿ ತಿಂದೆವು. ಅತ್ತೆ ಹೊಟ್ಟೆಗೆ ಒಳ್ಳೆಯದೆಂದುಕೊಂಡು ಸುಮ್ಮನಾದರು.

ನಡುಕಕ್ಕೆ ಕಾಕಾ ಕಂಡುಕೊಂಡ ಉಪಾಯ ಮಗ್ಗದ ಸ್ಪ್ರಿಂಗು. ಎರಡೂ ಡ್ರೈವ್‌ಗಳನ್ನು ನಾಲ್ಕೂ ಮೂಲೆಗೆ ಸ್ಪ್ರಿಂಗ್ ಹಾಕಿ ತೊಟ್ಟಿಲಿನಂತೆ ತೂಗುಬಿಟ್ಟರು. ಎಷ್ಟು ಚೆಂದ ಕಾಣುತ್ತಿತ್ತು! ಆದರೆ ಸ್ವಿಚ್ ಹಾಕುವ ಮುಂಚೆಯೇ ಡ್ರೈವ್‌ಗಳು ಗೋಡೆಯಾಚೆಗಿನ ನಮ್ಮ ಮಗ್ಗದ ತಾಳಕ್ಕೆ ಸರಿಯಾಗಿ ಕುಣಿಯತೊಡಗಿದವು. ಜನ್ಮವಿಡೀ ಮಗ್ಗದ ಜೊತೆ ಕುಣಿದ ಸ್ಪ್ರಿಂಗು ಈಗ ಬೇರೇನು ಮಾಡೀತು? ಕಾಕು ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಕ್ಕರು.

"ತೊಟ್ಲಾ ತೂಗಿದ್ರ ನಿದ್ದಿ ಬರತೈತೇನ್ರಿ ಅದಕ್ಕ? ಹಾಸಿ ಮಲಗಸ್ರಿ."

ಕಾಕಾ ಸಿಟ್ಟಾಗಲಿಲ್ಲ. ಸ್ಪ್ರಿಂಗುಗಳನ್ನು ಒಂದೊಂದಾಗಿ ಬಿಚ್ಚಿ ಕಿಸೆಗೆ ಹಾಕಿಕೊಂಡರು. ಕಾಕು ತಮ್ಮ ಹರಿದ ಸೀರೆಗಳನ್ನು ಕೂಡಿಸಿ, ಒತ್ತೊತ್ತಾಗಿ ದಾರ ಹಾಕಿ, ಪೆಟ್ಟಿಗೆಯ ಅಳತೆಗೆ ಕೌದಿ ಹೊಲಿದರು. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಒಂದು ಪದರಿನಲ್ಲಿ ಬದನೆಕಾಯಿ ಬಣ್ಣ, ಒಂದರಲ್ಲಿ ಅವರ ಮದುವೆಯ ಸೀರೆಯ ತುಂಡು... ಬಿಸಿಯಾಗದಂತೆ ಹಿಂಬದಿಯನ್ನು ಮಾತ್ರ ಬಿಟ್ಟು, ಸುತ್ತಲೂ ಕೌದಿ ತುಂಬಿದರು.

ಓದಿಸುವ ದಿನ ಮಧ್ಯಾಹ್ನ ನನ್ನನ್ನೂ ಕರೆದರು. ಎಡಗಡೆ ಡ್ರೈವಿನ ದೀಪ ಹೊತ್ತಿತು. ಗರ್ರೆಂದಿತು. ಪರದೆಯ ಮೇಲೆ ಹಳದಿ ಚುಕ್ಕೆಗಳು ಸಾಲುಸಾಲಾಗಿ ಇಳಿಯತೊಡಗಿ, ಅರ್ಧ ಎಸಳಿಗೆ ನಿಂತವು. ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು.

"ಏನಂತೈತಿ?" ಕಾಕಾ ಕೇಳಿದರು. ಅವರಿಗೆ ಗೊತ್ತಿತ್ತು. ಓದುವ ಧೈರ್ಯ ಇರಲಿಲ್ಲ.

"ಬಿಡ್ತೀರೋ, ಮತ್ತ ನೋಡ್ತೀರೋ ಅಂತ ಕೇಳಾಕತ್ತೈತ್ರಿ ಕಾಕಾ."

"ಮತ್ತ ನೋಡು ಅನ್ನವ್ವಾ."

ಮತ್ತೆ ಗರ್ರೆಂದಿತು, ಮತ್ತೆ ಅದೇ ಸಾಲು. ಮತ್ತೊಮ್ಮೆ... ಹೀಗೆ ಉಜ್ಜಿ ಉಜ್ಜಿ ಫ್ಲಾಪಿ ಸವೆದುಹೋಗುತ್ತದೆಂದು ಕಾಕಾ ಮೊದಲೇ ಹೇಳಿದ್ದರು. ಕೌದಿ ತನ್ನ ಕೈಲಾದಷ್ಟು ತಡೆದಿತ್ತು. ಉಳಿದದ್ದನ್ನು ತಡೆಯುವುದು ಅದರಿಂದ ಆಗುತ್ತಿರಲಿಲ್ಲ. ಕಾಕಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ.

ನಾನು ಎದ್ದು ನಮ್ಮ ಮನೆಗೆ ಓಡಿದೆ. ಅತ್ತೆ ಮಗ್ಗದ ಮುಂದಿದ್ದರು.

"ಅತ್ತಿ, ಸ್ವಲ್ಪ ಹೊತ್ತು ಮಗ್ಗ ಬಂದ್ ಮಾಡ್ತೀರೇನ್ರಿ?"

"ಕರೆಂಟ್ ಇದ್ದಾಗ? ತಲಿ ಕೆಟ್ಟೈತೇನ ಬೇ ನಿಂಗ?"

"ಕಾಕೂನ ಹೂವು ಅರ್ಧಕ್ಕ ನಿಂತೈತ್ರಿ."

ಅತ್ತೆ ನನ್ನ ಮುಖ ನೋಡಿದರು. ತಾವೇ ಸ್ವಿಚ್ ಎಳೆದರು. ಆಮೇಲೆ ಹೊರಗೆ ಬಂದು, ಓಣಿಯ ಆ ತುದಿಗೆ ಕೇಳುವಂತೆ ಕೂಗಿದರು. "ಏ, ಬಂದ್ ಮಾಡ್ರ್ಯೋ! ಎಲ್ಲಾರೂ ಮಗ್ಗಾ ಬಂದ್ ಮಾಡ್ರಿ!"

ಯಾಕೆಂದು ಯಾರೂ ಕೇಳಲಿಲ್ಲ. ಆ ಕೂಗಿಗೆ ನಮ್ಮ ಓಣಿಯಲ್ಲಿ ಒಂದೇ ಅರ್ಥ. ಒಂದರ ಹಿಂದೊಂದು ಮಗ್ಗಗಳು ನಿಂತವು. ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಗುಬ್ಬಿಗಳ ಸದ್ದು ಕೇಳುತ್ತಿತ್ತು. ನಾನು ಕಾಕಾನ ಮನೆಗೆ ಮರಳುವಷ್ಟರಲ್ಲಿ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಗಂಡಸರು ಚಪ್ಪಲಿ ಬಿಟ್ಟು, ಆ ಬಾಗಿಲಿಗೇ ಬರುತ್ತಿದ್ದರು. ಅಲ್ಲಿ ವಯಸ್ಸಾದವರಿದ್ದರಲ್ಲ.

"ಯಾರು ಹೋದ್ರಬೇ?" ಒಬ್ಬಾಕೆ ಅಳುವ ದನಿಯಲ್ಲೇ ಕೇಳಿದಳು.

"ಯಾರೂ ಹೋಗಿಲ್ಲ," ಕಾಕು ಪಿಸುಗುಟ್ಟಿದರು. "ಇವ್ರು ಹಪ್ಪಳಾ ಓದಸಾಕತ್ತಾರ. ಸದ್ದ ಮಾಡಬ್ಯಾಡ್ರಿ, ಸುಮ್ಮ ಕುಂದರ್ರಿ. ಆಮ್ಯಾಲೆ ಚಹಾ ಮಾಡ್ತೀನಿ."

ಎಲ್ಲರೂ ಕೂತರು, ಹೊಸ್ತಿಲ ಮೇಲೆ, ಕಟ್ಟೆಯ ಮೇಲೆ. ಕಾಕಾ ಇನ್ನೊಮ್ಮೆ 'ಮತ್ತ ನೋಡು' ಎಂದರು. ಉಳಿದರ್ಧ ಎಸಳು ಇಳಿಯಿತು, ಕೆಂಪು ಗೆರೆ ಇಳಿಯಿತು, ತೊಟ್ಟು ಇಳಿಯಿತು. ತೊಟ್ಟಿನಲ್ಲಿ ಒಂದೆರಡು ಚುಕ್ಕೆ ಮಾತ್ರ ಬರಲೇ ಇಲ್ಲ. ಆಮೇಲೆ ಬಲಗಡೆಯ ದೀಪ ಹೊತ್ತಿತು...

ಬಾಗಿಲಲ್ಲಿ ಕೂತಿದ್ದ ಒಬ್ಬ ಮುದುಕರು ಅಂದರು. "ನಾವು ಸತ್ತೋರ್ನ ನೋಡಾಕ ಬಂದ್ರ, ಇಲ್ಲಿ ಹೂವು ಹುಟ್ಟೈತಲ್ಲಪಾ!"

ಅಂದು ನಕ್ಕ ನಗುವಿಗೆ ಯಾವ ಮಗ್ಗವೂ ಸಾಟಿಯಿಲ್ಲ.

ರಬಕವಿಯ ನೇಕಾರರೊಬ್ಬರು ಆ ಅಂಚು ಹಾಕಿ ಒಂದೇ ಒಂದು ಸೀರೆ ನೇಯ್ದುಕೊಟ್ಟರು. ಬಾರದ ಚುಕ್ಕೆಗಳನ್ನು ತುಂಬಬಹುದಿತ್ತು, ಕಾಕಾ ತುಂಬಲಿಲ್ಲ. ಸಂಕ್ರಾಂತಿಗೆ ಕಾಕು ಅದನ್ನುಟ್ಟು ಎಳ್ಳು ಬೆಲ್ಲ ಕೊಡಲು ಬಂದಾಗ, ಕಾಕಾ ಕಟ್ಟೆಯ ಮೇಲಿಂದ ಕತ್ತು ಚಾಚಿ ನೋಡುತ್ತಿದ್ದರು. ಕಾಕು ಅವರಿಗೆ ಕೇಳುವಂತೆ ಹೇಳಿದರು. "ಅಂಚ ಸ್ವಲ್ಪ ಚುಚ್ಚತೈತವ್ವಾ. ಆದ್ರ ಹುಳಿ ಆಗಿಲ್ಲ."

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ನಾನು ಹಿಟ್ಟು ಸೋಸುತ್ತಿದ್ದೆ. ಮಗ್ಗಗಳು ಒಂದರ ಹಿಂದೊಂದು ನಿಂತವು. ತಲೆಯೆತ್ತಿ ನೋಡಿದೆ. ದೀಪ ಉರಿಯುತ್ತಿತ್ತು. ಒಂದು ಗಳಿಗೆ, ಖರೆ ಹೇಳುತ್ತೇನೆ, ನನಗೆ ಖುಷಿಯೇ ಆಯಿತು... ಕಾಕಾ ಮತ್ತೇನೋ ಓದಿಸುತ್ತಿದ್ದಾರೆ ಎಂದುಕೊಂಡೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಡೆದೆ. ಅಂದು ಆ ಬಾಗಿಲಲ್ಲಿ ಯಾರೂ ಚಹಾದ ಮಾತೆತ್ತಲಿಲ್ಲ. ಮಲಗಿಸಿದ ಕಾಕಾನ ತಲೆಯ ಬಳಿ ಕೂತ ಕಾಕು ಹುಣಸೆ ಹೂವಿನ ಸೀರೆಯಲ್ಲಿದ್ದರು. ಬೆಳಗಿನಿಂದ ಅದನ್ನೇ ಉಟ್ಟಿದ್ದರಂತೆ, ಯಾಕೋ ಏನೋ.

ಬೀಳಗಿಗೆ ತಂಗಿಯ ಮನೆಗೆ ಹೋಗುವ ಮುಂಚೆ ಅವರು ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. "ಕರ್ಪೂರ ಹಾಕೀನಿ, ಹುಳಾ ಹತ್ತೂದಿಲ್ಲ," ಎಂದಷ್ಟೇ ಹೇಳಿದರು. ಈಗ ಕಾಕುವೂ ಇಲ್ಲ. ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯ ಜನ.

ಕೂತಲ್ಲಿಂದಲೇ ಕೇಳಿಸಿಕೊಂಡೆ. ಓಣಿ ತುಂಬ ಮಗ್ಗದ ಸದ್ದು. ನನ್ನ ಕಾಲಡಿಯ ನೆಲ ನಡುಗುತ್ತಿತ್ತು, ಏಣಿ ನಡುಗುತ್ತಿತ್ತು, ಒಳಗೆ ಮಾಡದಲ್ಲಿ ಲೋಟಗಳು ಗುನುಗುತ್ತಿದ್ದವು. ಪೆಟ್ಟಿಗೆಯೊಳಗೆ ಕೈ ಇಳಿಸಿ, ಎರಡು ಡ್ರೈವ್‌ಗಳ ನಡುವಿನ ಕೌದಿಯ ಮೇಲೆ ಅಂಗೈ ಇಟ್ಟೆ.

ಅಲ್ಲಿ ನಡುಕ ಇರಲಿಲ್ಲ.