ಎಲ್ಲಿ ಗುದ್ದಿದ್ರಿ?

ಕಾರ್ಖಾನೆಯಲ್ಲಿ ಅವಳನ್ನು ಜಿಗಣೆ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಮುರಿದ ಬಿಡಿಭಾಗ ಯಾಕೆ ಮುರಿಯಿತೆಂದು ಪತ್ತೆ ಹಚ್ಚುವುದು ಅವಳ ಕೆಲಸ. ಒಂದು ಬೋಲ್ಟು ಕೈಗೆ ಸಿಕ್ಕರೂ ಅದರ ಜಾತಕವನ್ನೇ ಜಾಲಾಡುತ್ತಿದ್ದಳು. ಮನೆಯಲ್ಲೂ ಅದೇ ಗುಣ. ಕ್ಷಮಿಸುವುದು ದೊಡ್ಡತನ ಎಂದು ಯಾರಾದರೂ ಉಪದೇಶಕ್ಕೆ ಕೂತರೆ, "ದೊಡ್ಡವರು ಮಾಡ್ಲಿ ಬಿಡಿ" ಎಂದು ಎದ್ದು ಹೋಗುತ್ತಿದ್ದಳು.

ಅವಳ ಗಂಡ ಅದೇ ಕಾರ್ಖಾನೆಯಲ್ಲಿ, ಇನ್ನೂ ಮಾರಾಟಕ್ಕೆ ಬಾರದ ಪ್ರಯೋಗದ ಕಾರುಗಳನ್ನು ಓಡಿಸಿ ನೋಡುವ ಚಾಲಕ. ಒಂದು ಬೆಳಿಗ್ಗೆ ಹಿಂದಿನ ಆಕ್ಸಲ್ಲಿನ ಬೇರಿಂಗು ಪುಡಿಯಾಗಿ, ಚಕ್ರ ಕಚ್ಚಿಕೊಂಡು, ಕಾರು ಬೇಲಿಗೆ ನುಗ್ಗಿತು. ಜೀವಕ್ಕೇನೂ ಆಗಲಿಲ್ಲ, ಹೋದದ್ದು ಮಾನ. ಆ ಕಾರುಗಳನ್ನು ಸಜ್ಜುಗೊಳಿಸುವ ಷೆಡ್ಡಿನ ಮುಖ್ಯಸ್ಥ ಬೇರೆ ಯಾರೂ ಅಲ್ಲ, ಅವಳ ಸೋದರಮಾವ. ಎಲ್ಲರ ಎದುರಿಗೇ ಕೇಳಿದ.

"ಅಳಿಯಂದ್ರೇ, ಎಲ್ಲಿ ಗುದ್ದಿದ್ರಿ?"

"ಎಲ್ಲೂ ಗುದ್ದಿಲ್ಲ."

"ಮತ್ತೆ ಬೇರಿಂಗು ಸುಮ್‌ಸುಮ್ನೆ ಸಾಯುತ್ತಾ? ಯಾವ್ದೋ ಹೊಂಡಕ್ಕೆ ಇಳಿಸಿದೀರಿ, ಒಪ್ಕೊಂಡ್ಬಿಡಿ."

ನಿಂತವರೆಲ್ಲ ನಕ್ಕರು. ಗಂಡನನ್ನು ಸ್ಟೋರಿಗೆ ಹಾಕಿದರು, ಸ್ಪ್ಯಾನರು ಕೊಟ್ಟು ಈಸಿಕೊಳ್ಳುವ ಕೆಲಸಕ್ಕೆ. ಅವನು ಸ್ವಂತ ಸ್ಕೂಟರನ್ನೂ ಮುಟ್ಟದೆ ಬಸ್ಸಿನಲ್ಲಿ ಓಡಾಡತೊಡಗಿದ.

"ನಾನೇ ಎಲ್ಲೋ ಗುದ್ದಿರ್ಬೇಕು ಕಣೇ" ಎಂದು ಒಂದು ದಿನ ಊಟದ ನಡುವೆ ಅಂದಾಗ ಅವಳು ಸೌಟು ಕೆಳಗಿಟ್ಟಳು.

"ನೀವು ಸುಮ್ನಿರಿ. ಆಡಿದ ಮಾತನ್ನ ಮಾವನ ಬಾಯಿಂದಾನೇ ವಾಪಸ್ ತೆಗೆಸ್ತೀನಿ."

ಆಮೇಲೆ ಇನ್ನೂ ಎರಡು ಕಾರುಗಳ ಬೇರಿಂಗು ಹೋಯಿತು. ಮಾವ ಆ ಚಾಲಕರ ಮೇಲೂ ಅದೇ ಗೂಬೆ ಕೂರಿಸಿದ. ತನಿಖೆಯಾಗಲಿ ಎಂದು ಮೇಲಿನವರು ಹೇಳಿದಾಗ, "ನಮ್ಮ ಹುಡುಗೀನೇ ಮಾಡ್ಲಿ" ಎಂದವನೂ ಅವನೇ. ಮನೆಯ ಹುಡುಗಿ ಮನೆಯ ಮರ್ಯಾದೆ ಕಾಯುತ್ತಾಳೆಂಬ ಭಂಡಧೈರ್ಯ. ಎತ್ತಿ ಆಡಿಸಿದವನಿಗೆ ಹುಡುಗಿಯ ಸ್ವಭಾವ ಮಾತ್ರ ತಿಳಿದಿರಲಿಲ್ಲ, ಪಾಪ.

ಅವಳು ಬೇರಿಂಗುಗಳನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಗುದ್ದಿದ್ದರೆ ಬೇರಿಂಗಿನೊಳಗಿನ ಉಕ್ಕಿನ ಗುಂಡುಗಳು ಓಡುವ ದಾರಿ ಜಜ್ಜಿರಬೇಕಿತ್ತು. ಇಲ್ಲಿ ಕಂಡದ್ದು ಉಕ್ಕು ಕರಗಿ ಗಟ್ಟಿಯಾದ ಸಣ್ಣ ಸಣ್ಣ ಕುಳಿಗಳು. ಅಂದರೆ ಕರೆಂಟು ಹರಿದಿದೆ. ಎಲ್ಲಿಂದ ಬಂತು? ಮಾರಾಟದ ಕಾರುಗಳಲ್ಲಿ ಯಾಕಿಲ್ಲ? ಷೆಡ್ಡಿಗೆ ಹೋಗಿ ನಿಂತು ನೋಡಿದಳು. ಪ್ರಯೋಗದ ಕಾರಿಗೆ ಆಗಾಗ ಹೊಸ ಅಳತೆಯ ಉಪಕರಣ ಸಿಕ್ಕಿಸಬೇಕು. ಅದಕ್ಕಾಗಿ ಕಾರಿನ ಅಡಿಚೌಕಟ್ಟಿಗೆ, ಅಂದರೆ ಚಾಸಿಗೆ, ಕಬ್ಬಿಣದ ಪಟ್ಟಿ ವೆಲ್ಡ್ ಮಾಡುತ್ತಿದ್ದರು. ವೆಲ್ಡಿಂಗಿನ ಕರೆಂಟು ವಾಪಸ್ ಹೋಗುವ ಅರ್ಥ್ ಕ್ಲಿಪ್ಪನ್ನು ಅಲ್ಲೇ ಪಕ್ಕದಲ್ಲಿ ಚಾಸಿಗೇ ಕಚ್ಚಿಸಬೇಕು. ಇವರು ಹಿಂದಿನ ಚಕ್ರದ ನಟ್ಟಿಗೆ ಕಚ್ಚಿಸಿದ್ದರು. ಚಾಸಿಯಿಂದ ಚಕ್ರಕ್ಕೆ ಹೋಗಲು ಕರೆಂಟು ಬೇರಿಂಗನ್ನು ಸುಟ್ಟುಕೊಂಡೇ ಹಾಯಬೇಕು.

"ಇಲ್ಯಾಕೆ ಹಾಕ್ತೀರಿ?" ಎಂದು ವೆಲ್ಡರನ್ನು ಕೇಳಿದಳು.

"ನಿಮ್ಮ ಮಾವನ ಆರ್ಡರು. ಕ್ಲಿಪ್ಪು ಕಚ್ಸೋಕೆ ಚಾಸಿ ಬಣ್ಣ ಕೆರೆದ್ರೆ ಮೈಮೇಲೆ ಬರ್ತಾರೆ."

ಅಂದೇ ವರದಿ ಬರೆದು ಮುಗಿಸಬಹುದಿತ್ತು. ಬರೆಯಲಿಲ್ಲ. ವರದಿ ಓದಿ ನಾಚಿಕೊಂಡವರನ್ನು ಅವಳು ಕಂಡಿರಲಿಲ್ಲ. ಮಾವನ ಕೋಣೆಗೆ ಹೋಗಿ ಬೆಣ್ಣೆ ಹಚ್ಚಿದಳು.

"ಮಾವ, ಒಂದು ಕಾರಿಗೆ ಹೊಸ ಬೇರಿಂಗು ಹಾಕ್ಸಿದೀನಿ. ಪಟ್ಟಿಗಳನ್ನ ನಿಮ್ಮ ಕೈಯಾರೆ ವೆಲ್ಡ್ ಮಾಡಿ, ನೀವೇ ಓಡ್ಸಿ ತೋರ್ಸಿ. ಈ ಚಾಲಕರಿಗೆ ಸ್ವಲ್ಪ ಬುದ್ಧಿ ಬರ್ಲಿ."

ಮಾವ ಉಬ್ಬಿಹೋದ. ಅಂಗಿಯ ತೋಳು ಮಡಿಸಿ, ಕ್ಲಿಪ್ಪನ್ನು ಚಕ್ರದ ನಟ್ಟಿಗೆ ಕಚ್ಚಿಸಿ, ಮಧ್ಯಾಹ್ನವೆಲ್ಲ ವೆಲ್ಡ್ ಮಾಡಿದ. ಅವಳು ಪಕ್ಕದಲ್ಲೇ ನಿಂತು ಭೇಷ್ ಎನ್ನುತ್ತಿದ್ದಳು. ಅಷ್ಟು ಖುಷಿ ಅವಳಿಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಮರುದಿನ ಚಾಲಕರೆಲ್ಲ ಓಟದ ದಾರಿಯ ಅಂಚಿನಲ್ಲಿ ನಿಂತಿದ್ದರು. ಒಲ್ಲೆನೆಂದ ಗಂಡನನ್ನೂ ಸ್ಟೋರಿನಿಂದ ಎಳೆದು ತಂದಳು. "ನಿಧಾನವಾಗೇ ಹೋಗಿ ಮಾವ" ಎಂದು ಬೀಗದ ಕೈ ಕೊಟ್ಟಳು. ಮಾವ ಮೊಟ್ಟೆ ಹೊತ್ತವನಂತೆ ಹುಷಾರಾಗಿ ಸುತ್ತು ಹಾಕಿದ. ಹಿಂದಿನ ಚಕ್ರ ಮೊದಲು ಗುಂಯ್‌ಗುಟ್ಟಿತು, ಬರಬರುತ್ತ ಗೊರಗೊರ ಎನ್ನತೊಡಗಿತು.

"ಇದೇ ಸದ್ದು ಕಣೇ" ಎಂದ ಗಂಡ, ತಲೆ ಎತ್ತಿ.

ಮಾವ ಕಾರು ನಿಲ್ಲಿಸಿ ಇಳಿದ. ಅವಳು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಎಲ್ಲಿ ಗುದ್ದಿದ್ರಿ, ಮಾವ?"

ಯಾರೂ ನಗಲಿಲ್ಲ. ಮಾವ ಚಕ್ರವನ್ನು ನೋಡಿದ, ಅವಳನ್ನು ನೋಡಿದ.

"ಎಲ್ಲೂ ಗುದ್ದಿಲ್ಲಮ್ಮ."

"ನನಗಲ್ಲ. ಅವರಿಗೆ ಹೇಳಿ" ಎಂದು ಗಂಡನ ಕಡೆ ಕೈ ತೋರಿಸಿದಳು. ಮಾವ ಹೇಳುವ ತನಕ ಅಲ್ಲಿಂದ ಕದಲಲಿಲ್ಲ.