ಗೋವಾದ ರೊಕ್ಕದಾಗ ಒಂದು ದೊಡ್ಡ ಕಿಟಕಿ

ದೋಸ್ತರ, ಇವತ್ತ ನಮ್ಮ ಓಣ್ಯಾಗ ಒಂದ ಕಿಟಕಿ ಸಂಬಂಧ ಜಗಳ ಆತು.

ಬಾಜು ಗಂಗವ್ವನ ಹೊಸ ಮನಿ ಏಳಾಕತ್ತೈತಿ. ಗಂಡ ಬೀರಪ್ಪ ಗೋವಾದಾಗ ಗೌಂಡಿ ಕೆಲಸ ಮಾಡಿ ಕಳಿಸೂ ರೊಕ್ಕದಾಗನ ಒಂದೊಂದ ಗ್ವಾಡಿ ಎದ್ದಾವು. ಮುಂಜಾನಿ ಅವ ವಿಡಿಯೋ ಕಾಲ್‌ನ್ಯಾಗ ಪಡಸಾಲಿ ಕಿಟಕಿ ನೋಡಿ ಸಿಟ್ಟಾದ. "ಇಲ್ಲಿ ದಿನಾ ಮಂದಿ ಮನಿಗೆ ಬಾಗಲದಷ್ಟ ಕಿಟಕಿ ಇಡ್ತೇನಿ. ನನ್ನ ಮನಿಗೆ ಪಾರಿವಾಳದ ಗೂಡು ಇಟ್ಟೀರೇನ್ರಿ?"

ಮನಿ ಕಟ್ಟೂ ಮೇಸ್ತ್ರಿ ಸಿದ್ದಪ್ಪಣ್ಣನೂ ಬಿಡಲಿಲ್ಲ. "ಅಲ್ಲಿ ಸಮುದ್ರ ಐತಲೇ. ಇಲ್ಲಿ ಏನ ಕಾಣತೈತಿ?"

ಗಂಗವ್ವ ಫೋನ್ ಇಸ್ಕೊಂಡಳು. "ಜ್ವಾಳದ ಹೊಲ ಕಾಣತೈತಿ. ಅದರಾಚೆ ಹುನಗುಂದ ಬಸ್ ನಿಲ್ಲೂ ಜಾಗ ಕಾಣತೈತಿ. ನನಗಷ್ಟ ಸಾಕು. ಗ್ವಾಡಿ ಒಡೀರಿ."

ಒಡದ್ರು. ಗಾಳಿ ಒಳಗ ಬಂತು. ತೆನಿ ತೂಗೂದನ್ನ ನೋಡ್ಕೋತ ನಾವೆಲ್ಲಾ ಕನಸಿನ್ಯಾಗ ನಿಂತವರಂಗ ನಿಂತ್ವಿ. ಫೋನಿನ್ಯಾಗ ಬೀರಪ್ಪನೂ ನೋಡಾಕತ್ತಿದ್ದ. ಗಂಗವ್ವ ಕೈ ಸೋತ್ರೂ ಫೋನ್ ಹೊಲದ ಕಡೆನ ಹಿಡಿದಿದ್ದಳು.

ಕಡೀಕ ಸಿದ್ದಪ್ಪಣ್ಣ ಚಾದ ಕಪ್ ಕೆಳಗಿಟ್ಟು ಅಂದ: "ನನ್ನ ಹೆಂಡತಿನ್ನ ಈ ಕಡೆ ಬರಾಕ ಬಿಡಬ್ಯಾಡ್ರಿ. ನಾಳೆ ನಮ್ಮನಿ ಗ್ವಾಡಿನೂ ಒಡಿಬೇಕಾಕೈತಿ."